ಹತ್ತೋ ಗೇರಲ್ಲೇ ಇಳೀಬೇಕು

ಮೂರು ವಾರದ ಹಿಂದಿನ ಬುಧವಾರ ರಾತ್ರಿ ಒಂಬತ್ತೂವರೆಗೆ ನಾನು ಕ್ಯಾಲಿಫೋರ್ನಿಯಾದ ಸನಿವೇಲ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ನೆಲದ ಮೇಲೆ ಕೂತಿದ್ದೆ. ಕಾರು ನಾಲ್ಕು ಸ್ಟ್ಯಾಂಡ್ ಮೇಲೆ ನಿಂತಿತ್ತು. ಫೋನನ್ನು ಟೂಲ್ ಬಾಕ್ಸಿಗೆ ಒರಗಿಸಿ ಇಟ್ಟಿದ್ದೆ. ಅದರೊಳಗೆ ಅಪ್ಪ. ಹಾಸನದಲ್ಲಿ ಆಗ ಗುರುವಾರ ಬೆಳಿಗ್ಗೆ ಹತ್ತು ಗಂಟೆ, ಅಪ್ಪ ತಿಂಡಿ ಮುಗಿಸಿ ಜಗಲಿಯಲ್ಲಿ ಕೂತು ನನ್ನ ಕಾರಿನ ಮುಂದಿನ ಎಡಗಡೆ ಚಕ್ರವನ್ನೇ ನೋಡುತ್ತಿದ್ದರು.

"ಮೇಲೊಂದು ಕೈ, ಕೆಳಗೊಂದು ಕೈ ಹಿಡ್ಕೊಂಡು ಅಲ್ಲಾಡ್ಸವ್ವ," ಅಂದರು.

ಅಲ್ಲಾಡಿಸಿದೆ. ಏನೂ ಅನಿಸಲಿಲ್ಲ.

"ಮೆತ್ತಗಲ್ಲ. ಮೇಲಿನ ಕೈ ಎಳಿ, ಕೆಳಗಿನ ಕೈ ತಳ್ಳು. ಜೋರಾಗಿ."

ಟಕ್ ಅಂತು. ತುಂಬಾ ಸಣ್ಣ ಸದ್ದು. ನನಗೆ ಕೇಳಿಸಿದ್ದಕ್ಕಿಂತ ಅಂಗೈಗೆ ಗೊತ್ತಾಗಿದ್ದೇ ಜಾಸ್ತಿ. ಆದರೆ ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆ ಕೂತಿದ್ದ ಅಪ್ಪನಿಗೆ ಅದು ಫೋನಿನಲ್ಲೇ ಕೇಳಿಸಿಬಿಟ್ಟಿತು. "ಬೇರಿಂಗು," ಅಂದರು. "ಈಗ ಯಾರಿಗಾದ್ರೂ ಬ್ರೇಕ್ ಒತ್ತಕ್ಕೆ ಹೇಳಿ, ಇನ್ನೊಂದ್ಸಲ ಅಲ್ಲಾಡ್ಸಿ ನೋಡು." ಒಳಗಿಂದ ನನ್ನ ಗಂಡನನ್ನು ಕರೆದೆ. ಅವರು ಬ್ರೇಕ್ ಒತ್ತಿ ಹಿಡಿದಾಗ ಆ ಟಕ್ ನಿಂತುಹೋಯಿತು. ಬ್ರೇಕ್ ಒತ್ತಿದಾಗ ಅಲ್ಲಾಟ ನಿಂತರೆ ಚಕ್ರ ಸರಾಗವಾಗಿ ತಿರುಗೋ ಹಾಗೆ ಹಿಡಿದಿರೋ ಬೇರಿಂಗ್ ಸವೆದಿದೆ ಅಂತ, ನಿಲ್ಲದಿದ್ದರೆ ಚಕ್ರದ ಹಿಂದಿನ ಕೀಲು, ಅಂದರೆ ಬಾಲ್ ಜಾಯಿಂಟು ನೋಡಬೇಕು. ಅಪ್ಪ ಹೇಳಿದ್ದು ಸರಿ ಇತ್ತು.

ಈ ತಯಾರಿಯೆಲ್ಲ ಲಗುನಾ ಸೆಕಾ ಅನ್ನೋ ರೇಸ್ ಟ್ರ್ಯಾಕಿಗೆ ಹೋಗೋದಕ್ಕೆ. ನಮ್ಮ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು ಪ್ರತಿ ವರ್ಷ ಅಲ್ಲಿ ಒಂದು ಟ್ರ್ಯಾಕ್ ಡೇ ಮಾಡುತ್ತಾರೆ. ಹಾಗಂದರೆ ರೇಸ್ ಅಂದುಕೊಳ್ಳಬೇಡಿ. ಗೆಲ್ಲೋದಿಲ್ಲ, ಸೋಲೋದಿಲ್ಲ, ಸಮಯ ಬರೆದಿಡೋದೂ ಇಲ್ಲ. ರೇಸ್ ನಡೆಯುವ ಟ್ರ್ಯಾಕನ್ನು ಒಂದು ದಿನಕ್ಕೆ ಬಾಡಿಗೆಗೆ ಹಿಡಿದು, ಸದಸ್ಯರನ್ನು ಅವರವರ ಅನುಭವ ನೋಡಿ ಗುಂಪು ಮಾಡಿ, ಇಪ್ಪತ್ತಿಪ್ಪತ್ತು ನಿಮಿಷ ಓಡಿಸೋಕೆ ಬಿಡುತ್ತಾರೆ. ಹೊಸಬರ ಪಕ್ಕ ಒಬ್ಬ ಶಿಕ್ಷಕರು ಕೂರುತ್ತಾರೆ. ಕಾರು ನಮ್ಮದೇ, ದಿನಾ ಓಡಿಸೋ ಕಾರನ್ನೇ ತರಬಹುದು. ನನ್ನದು 1999ರ ಮಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಮೇಲ್ಛಾವಣಿ, 1.8 ಲೀಟರ್ ಎಂಜಿನ್, ಸಾವಿರ ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕ. ಬಲದಲ್ಲಿ ಇವತ್ತಿನ ಯಾವ ದೊಡ್ಡ ಕಾರಿಗೂ ಸಾಟಿಯಲ್ಲ. ಆದರೆ ಸ್ಟೀರಿಂಗ್ ಹಿಡಿದರೆ ರಸ್ತೆಯ ಮೇಲಿನ ಸಣ್ಣ ಕಲ್ಲೂ ಕೈಗೆ ಗೊತ್ತಾಗುತ್ತದೆ. ಅದಕ್ಕೇ ಈ ಕಾರು ನನಗೆ ಇಷ್ಟ.

ಕಳೆದ ವರ್ಷ ಏನಾಯಿತು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ, ಯಾಕಂದರೆ ಈ ಸಲದ ತಯಾರಿಯೆಲ್ಲ ಅಲ್ಲಿಂದಲೇ ಶುರುವಾಗಿದ್ದು.

ಕಳೆದ ವರ್ಷ ನಾನು ಮೊದಲ ಸಲ ಹೋಗಿದ್ದೆ. ಎರಡು ತಿಂಗಳು ಪೂರ್ತಿ ತಯಾರಿ ಮಾಡಿದ್ದೆ ಅಂದುಕೊಂಡಿದ್ದೆ. ಹೊಸ ಟೈರ್, ಹೊಸ ಹೆಲ್ಮೆಟ್, ಎಂಜಿನ್ ಆಯಿಲ್, ಏರ್ ಫಿಲ್ಟರ್. ರಾತ್ರಿ ಕೂತು ಬೇರೆಯವರು ಅದೇ ಟ್ರ್ಯಾಕಿನಲ್ಲಿ ಓಡಿಸಿದ ವಿಡಿಯೋ ನೋಡಿ ನೋಡಿ ಹನ್ನೊಂದು ತಿರುವುಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಚಕ್ರದ ಡಿಸ್ಕನ್ನು ಒತ್ತಿ ಹಿಡಿಯೋ ಬ್ರೇಕ್ ಪ್ಯಾಡ್ ಎಷ್ಟು ದಪ್ಪ ಉಳಿದಿದೆ ಅಂತ ನೋಡಿದ್ದೆ, ಚೆನ್ನಾಗಿತ್ತು. ಕಾಲಿನ ಒತ್ತಡವನ್ನು ಪ್ಯಾಡಿಗೆ ತಲುಪಿಸೋ ಬ್ರೇಕ್ ಆಯಿಲ್ ಮಾತ್ರ ಮೂರು ವರ್ಷದ ಹಳೆಯದು. ಡಬ್ಬಿಯಲ್ಲಿ ಮಟ್ಟ ಸರಿಯಾಗಿತ್ತು. ಮಟ್ಟ ಸರಿಯಿದ್ದರೆ ಸಾಕು ಅಂತ ಬಿಟ್ಟುಬಿಟ್ಟಿದ್ದೆ.

ಮಧ್ಯಾಹ್ನದ ಮೂರನೇ ಸರದಿ. ಅಷ್ಟೊತ್ತಿಗೆ ಸ್ವಲ್ಪ ಧೈರ್ಯ ಬಂದಿತ್ತು, ಮೊದಲಿಗಿಂತ ತಡವಾಗಿ, ಜೋರಾಗಿ ಬ್ರೇಕ್ ಹಾಕುತ್ತಿದ್ದೆ. ಲಗುನಾ ಸೆಕಾದಲ್ಲಿ ಪಿಟ್, ಅಂದರೆ ಕಾರು ನಿಲ್ಲಿಸೋ ಜಾಗದ ಮುಂದಿನ ನೇರ ದಾರಿ ಒಂದು ದಿಬ್ಬ ಹತ್ತಿ, ಆಚೆ ಇಳಿಯುತ್ತಾ ಎರಡನೇ ತಿರುವಿಗೆ ಬರುತ್ತದೆ. ಆಂಡ್ರೆಟ್ಟಿ ಹೇರ್‌ಪಿನ್ ಅನ್ನುತ್ತಾರೆ. ಇಡೀ ಟ್ರ್ಯಾಕಿನಲ್ಲಿ ಅತಿ ಜೋರಾಗಿ ಬ್ರೇಕ್ ಬೇಕಾಗೋ ಜಾಗಗಳಲ್ಲಿ ಅದೂ ಒಂದು, ಅದೂ ಇಳಿಜಾರಿನಲ್ಲಿ. ಗಂಟೆಗೆ 160 ಕಿಲೋಮೀಟರ್ ಹತ್ತಿರ ಇದ್ದೆ. ಬ್ರೇಕ್ ಒತ್ತಿದೆ. ಪೆಡಲ್ ಕೆಳಗೆ ಹೋಯಿತು. ಹೋಗುತ್ತಲೇ ಇತ್ತು. ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ.

ಪಕ್ಕದಲ್ಲಿ ಕೂತಿದ್ದ ಶಿಕ್ಷಕರು ದನಿ ಏರಿಸಲಿಲ್ಲ. "ಬಿಟ್ಟು ಬಿಟ್ಟು ಒತ್ತು, ಗೇರ್ ಇಳಿಸು, ತಿರುಗಿಸೋಕೆ ಹೋಗಬೇಡ, ನೇರ ಹೋಗು" ಅಂದರು. ಎರಡು ಮೂರು ಸಲ ಒತ್ತಿದ ಮೇಲೆ ಸ್ವಲ್ಪ ಹಿಡಿಯಿತು. ಕಾರು ನೇರವಾಗಿ ಹೋಗಿ ಹೊರಗಡೆಯ ಜಲ್ಲಿಕಲ್ಲಿನೊಳಗೆ ಹೂತು ನಿಂತಿತು. ನಮಗಿಬ್ಬರಿಗೂ ಏನೂ ಆಗಲಿಲ್ಲ, ಕಾರಿಗೂ ಏನೂ ಆಗಲಿಲ್ಲ. ಕೆಂಪು ಬಾವುಟ ತೋರಿಸಿ ಎಲ್ಲರನ್ನೂ ನಿಲ್ಲಿಸಿದರು. ನನ್ನನ್ನು ಎಳೆದು ಹೊರಗೆ ತರೋವಷ್ಟರಲ್ಲಿ ನಮ್ಮ ಗುಂಪಿನ ಅಷ್ಟೂ ಜನರ ಆ ಸರದಿ ಮುಗಿದುಹೋಗಿತ್ತು. ಯಾರೂ ಬೈಯಲಿಲ್ಲ. ಒಬ್ಬರು ನೀರಿನ ಬಾಟಲಿ ತಂದುಕೊಟ್ಟರು. ಆದರೆ ನನ್ನ ಪಕ್ಕ ಒಬ್ಬ ಮನುಷ್ಯ ನನ್ನನ್ನು ನಂಬಿ ಕೂತಿದ್ದ ಅನ್ನೋದು ರಾತ್ರಿ ಮನೆಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ಇವತ್ತಿಗೂ ಹೋಗಿಲ್ಲ.

ಆಗಿದ್ದು ಇಷ್ಟು. ಬ್ರೇಕ್ ಆಯಿಲ್‌ಗೆ ನೀರು ಹೀರುವ ಗುಣ ಇದೆ. ರಬ್ಬರ್ ಪೈಪಿನ ಮೂಲಕ ಗಾಳಿಯ ತೇವ ವರ್ಷಗಟ್ಟಲೆ ನಿಧಾನವಾಗಿ ಅದರೊಳಗೆ ಸೇರುತ್ತದೆ. ಡಾಟ್ 4 ಅಂತ ಬರೆದಿರೋ ಹೊಸ ಆಯಿಲ್ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ಅದೇ ಆಯಿಲ್ ನೂರಕ್ಕೆ ಮೂರೂವರೆ ನಾಲ್ಕು ಭಾಗದಷ್ಟು ನೀರು ಕುಡಿದಿದ್ದರೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಊರೊಳಗೆ ಓಡಿಸುವಾಗ ಅಷ್ಟು ಬಿಸಿ ಆಗೋದೇ ಇಲ್ಲ, ಹಾಗಾಗಿ ಗೊತ್ತಾಗೋದೂ ಇಲ್ಲ. ಟ್ರ್ಯಾಕಿನಲ್ಲಿ ಲೆಕ್ಕ ಬೇರೆ. ಇಬ್ಬರು ಕೂತರೆ ನನ್ನ ಕಾರು ಸುಮಾರು 1,200 ಕೆಜಿ. ಅದನ್ನು 160ರಿಂದ 80ಕ್ಕೆ ಇಳಿಸಿದರೆ ಹುಟ್ಟುವ ಶಾಖದಲ್ಲಿ ಎರಡೂವರೆ ಲೀಟರ್ ತಣ್ಣೀರನ್ನು ಕುದಿಸಬಹುದು. ಒಲೆ ಮೇಲೆ ಹತ್ತು ನಿಮಿಷದ ಕೆಲಸ ಅದು. ಇಲ್ಲಿ ಮೂರು ಸೆಕೆಂಡಿನಲ್ಲಿ ಆಗುತ್ತದೆ, ಒಂದೇ ತಿರುವಿನಲ್ಲಿ, ಮತ್ತೆ ಮುಂದಿನ ತಿರುವಿನಲ್ಲಿ, ಇಪ್ಪತ್ತು ನಿಮಿಷ ಬಿಡದೆ. ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಒತ್ತಿದರೆ ಕುಗ್ಗೋದಿಲ್ಲ, ಆವಿ ಕುಗ್ಗುತ್ತದೆ. ಕಾಲು ಒತ್ತಿದ್ದೆಲ್ಲ ಗುಳ್ಳೆಯನ್ನು ಕುಗ್ಗಿಸೋಕೇ ಖರ್ಚಾಗಿ, ಪ್ಯಾಡಿನವರೆಗೆ ತಲುಪೋದೇ ಇಲ್ಲ.

ಅಪ್ಪನಿಗೆ ಇದನ್ನು ಹೇಳೋಕೆ ನನಗೆ ಎರಡು ವಾರ ಬೇಕಾಯಿತು. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಹಾಸನದಿಂದ ಮಂಗಳೂರಿಗೆ ಎಷ್ಟು ಸಲ ಬಸ್ಸು ಹೊಡೆದಿದ್ದಾರೋ ಅವರಿಗೇ ಲೆಕ್ಕ ಇಲ್ಲ. ಸಕಲೇಶಪುರ ದಾಟಿ, ದೋಣಿಗಾಲ್ ಬಿಟ್ಟು, ಮಾರನಹಳ್ಳಿ ಕಡೆಯಿಂದ ಶಿರಾಡಿ ಘಾಟಿ ಇಳಿದು ಗುಂಡ್ಯ ಮುಟ್ಟುವವರೆಗೆ ಅಪ್ಪ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ಇಳಿಜಾರು ಶುರುವಾಗೋ ಮೊದಲೇ ಅಪ್ಪ ಗೇರ್ ಇಳಿಸಿಬಿಡುತ್ತಿದ್ದರು. ಬಸ್ಸು ಹೂಂ ಅಂತ ಒಂದೇ ಸಮ ಗೊಣಗುತ್ತಾ ಇಳಿಯುತ್ತಿತ್ತು. ಯಾಕಿಷ್ಟು ನಿಧಾನ ಅಂತ ಒಂದು ಸಲ ಕೇಳಿದ್ದಕ್ಕೆ ಗುಂಡ್ಯದಲ್ಲಿ ಟೀ ಕುಡಿಯುವಾಗ ಹೇಳಿದ್ದರು: "ಹತ್ತೋ ಗೇರಲ್ಲೇ ಇಳೀಬೇಕು ಕಣವ್ವ. ಬ್ರೇಕ್ ಮೇಲೇ ಇಳುದ್ರೆ ಡ್ರಮ್ ಕಾಯ್ತದೆ. ಕಾದ್ ಮೇಲೆ ಎಷ್ಟ್ ತುಳುದ್ರೂ ಹಿಡಿಯಲ್ಲ." ಪಕ್ಕದಲ್ಲಿ ನಿಂತಿದ್ದ ಒಂದು ಲಾರಿಯ ಹಿಂದಿನ ಚಕ್ರದಿಂದ ಹೊಗೆ ಬರುತ್ತಿತ್ತು. ಲೈನರ್ ಸುಟ್ಟ ಆ ವಾಸನೆ ನನಗಿನ್ನೂ ನೆನಪಿದೆ. ಕಳೆದ ವರ್ಷ ಜಲ್ಲಿಯೊಳಗಿಂದ ಇಳಿದಾಗ ನನ್ನ ಕಾರಿನಿಂದ ಬಂದಿದ್ದೂ ಹೆಚ್ಚುಕಮ್ಮಿ ಅದೇ ವಾಸನೆ.

ಎಲ್ಲ ಕೇಳಿದ ಮೇಲೆ ಅಪ್ಪ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಬಸ್ಸಾಗಿದ್ರೆ ಐವತ್ತು ಜನ ಇರೋರು" ಅಂದರು. ಅಷ್ಟೇ. ಅಂಥ ಮಾತು ಕೇಳಿದ ಮೇಲೆ ತಯಾರಿ ಅನ್ನೋ ಪದದ ಅರ್ಥವೇ ಬದಲಾಗುತ್ತದೆ ಅಲ್ವಾ? ಮೊದಲ ವರ್ಷ ನಾನು ಓಡಿಸೋದಕ್ಕೆ ತಯಾರಾಗಿದ್ದೆ. ಈ ವರ್ಷ ನಿಲ್ಲಿಸೋದಕ್ಕೆ ತಯಾರಾದೆ.

ಹಾಗಾಗಿ ಈ ಸಲ ಬ್ರೇಕಿನಿಂದಲೇ ಶುರು. ಬಿಸಿ ತಡೆಯುವ ಪ್ಯಾಡ್ ಹಾಕಿಸಿದೆ. ಊರೊಳಗೆ ಅವು ಕಿರ್ ಅನ್ನುತ್ತವೆ, ಕಪ್ಪು ಪುಡಿ ಉದುರಿಸುತ್ತವೆ, ತಣ್ಣಗಿದ್ದಾಗ ಸರಿಯಾಗಿ ಹಿಡಿಯೋದೂ ಇಲ್ಲ. ಇರಲಿ. ಹಳೇ ಆಯಿಲ್ ಪೂರ್ತಿ ತೆಗೆದು ಹೊಸದು ತುಂಬಿಸಿದ್ದು ಒಂದು ಭಾನುವಾರದ ಕೆಲಸ. ಅತಿ ದೂರದ ಚಕ್ರದಿಂದ, ಅಂದರೆ ಇಲ್ಲಿನ ಕಾರಿನಲ್ಲಿ ಹಿಂದಿನ ಬಲಗಡೆಯಿಂದ ಶುರು ಮಾಡಬೇಕು. ಗಂಡ ಒಳಗೆ ಕೂತಿದ್ದರು, ನಾನು ಪಾನ ಹಿಡಿದು ಕೆಳಗೆ. ಒತ್ತಿ. ಹಿಡ್ಕೊಳ್ಳಿ. ನಾನು ಆಯಿಲ್ ಹೊರಗೆ ಬಿಡೋ ನಿಪ್ಪಲ್ ಸಡಿಲಿಸೋದು, ಪೈಪಿನಲ್ಲಿ ಆಯಿಲ್ ಬರೋದು, ಮತ್ತೆ ಬಿಗಿ ಮಾಡೋದು. ಈಗ ಬಿಡಿ. ನಾಲ್ಕು ಚಕ್ರಕ್ಕೂ ಇದೇ ಮಾತು, ನೂರು ಸಲ. ಮೊದಲು ಬಂದಿದ್ದು ಡಿಕಾಕ್ಷನ್ ಬಣ್ಣದ್ದು. ಕಳೆದ ವರ್ಷದ ಆ ಪೆಟ್ಟಿನ ನಂತರ ಒಂದು ಸಲ ಬದಲಾಯಿಸಿದ್ದೆ, ಆದರೂ ಪ್ಯಾಡನ್ನು ಒತ್ತೋ ಕ್ಯಾಲಿಪರ್ ಒಳಗೆ ಇಷ್ಟು ಕೊಳೆ ಉಳಿದಿತ್ತು. ಕೊನೆಗೆ ಜೇನಿನ ಬಣ್ಣದ ತಿಳಿ ಆಯಿಲ್ ಗುಳ್ಳೆಯಿಲ್ಲದೆ ಬರೋಕೆ ಶುರುವಾದಾಗ ನನಗೆ ಆದ ಸಮಾಧಾನ ಹೇಳೋದು ಕಷ್ಟ.

ಬೇರಿಂಗ್ ಕಥೆಗೆ ಬರುತ್ತೇನೆ. ಈ ಕಾರಿನ ಮುಂದಿನ ಚಕ್ರದಲ್ಲಿ ಬೇರಿಂಗು ಮತ್ತು ಚಕ್ರ ಕೂರೋ ಹಬ್ಬು ಒಂದೇ ತುಂಡಾಗಿ ಬರುತ್ತದೆ. ನಡುವೆ ಇರೋ ದೊಡ್ಡ ನಟ್ಟನ್ನು ಬಿಚ್ಚಿ ಪೂರ್ತಿ ಬದಲಾಯಿಸಬೇಕು. ಆ ನಟ್ಟು ಇಪ್ಪತ್ತೈದು ವರ್ಷದಿಂದ ಕೂತಿತ್ತೋ ಏನೋ, ಬಿಚ್ಚೋಕೆ ಎರಡು ಸಂಜೆ ಹಿಡಿಯಿತು. ಎಡಗಡೆ ಮಾತ್ರ ಹೋಗಿದ್ದರೂ ಎರಡೂ ಕಡೆ ಹಾಕಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, "ಬಲಗಡೇದು ಎಷ್ಟ್ ವರ್ಷದ್ದು?" ಅಂತ. ಅಷ್ಟು ಸಾಕಾಗಿತ್ತು.

ಕ್ಲಬ್ಬಿನವರು ಒಂದು ತಪಾಸಣೆ ಪಟ್ಟಿ ಕಳಿಸುತ್ತಾರೆ. ಎಲ್ಲೂ ಆಯಿಲ್ ಸೋರಬಾರದು, ಬ್ಯಾಟರಿ ಅಲ್ಲಾಡಬಾರದು, ಬ್ರೇಕ್ ಲೈಟ್ ಉರಿಯಲೇಬೇಕು, ಬೆಲ್ಟ್ ಹರಿದಿರಬಾರದು, ವೀಲ್ ನಟ್ ಒಂದೂ ಕಡಿಮೆ ಇರಬಾರದು. ಹೆಲ್ಮೆಟ್‌ಗೆ ಸ್ನೆಲ್ ಸಂಸ್ಥೆಯ ಎಸ್‌ಎ ಗುರುತು ಬೇಕು, ಬೈಕಿನದ್ದು ನಡೆಯೋದಿಲ್ಲ, ಯಾಕಂದರೆ ಕಾರಿನ ಹೆಲ್ಮೆಟ್‌ನ ಒಳಬಟ್ಟೆ ಬೆಂಕಿ ತಡೀಬೇಕು. ಮೈಮೇಲೆ ಹತ್ತಿ ಬಟ್ಟೆ. ಮೇಲ್ಛಾವಣಿ ಬಟ್ಟೆಯದ್ದಾದ್ದರಿಂದ ನನ್ನ ಕಾರಿಗೆ ಸೀಟಿನ ಹಿಂದೆ ಕಮಾನಿನಂಥ ಗಟ್ಟಿ ಕೊಳವೆ, ಅಂದರೆ ರೋಲ್ ಬಾರ್ ಕಡ್ಡಾಯ. ಅದರ ತುದಿಯಿಂದ ಮುಂದಿನ ಗಾಜಿನ ಚೌಕಟ್ಟಿನವರೆಗೆ ಒಂದು ಪೊರಕೆ ಕೋಲು ಇಟ್ಟು ನೋಡುತ್ತಾರೆ. ಹೆಲ್ಮೆಟ್ ಹಾಕಿ ಕೂತಾಗ ತಲೆ ಆ ಕೋಲಿಗಿಂತ ಕೆಳಗಿರಬೇಕು. ಕಾರು ಮಗುಚಿದರೂ ತಲೆ ನೆಲಕ್ಕೆ ತಾಗಬಾರದು ಅಂತ. ನಾನು ಕುಳ್ಳಗಿರೋದರಿಂದ ಅದೊಂದು ಸುಲಭವಾಗಿ ಪಾಸಾಯಿತು.

ಇನ್ನೊಂದು ನಿಯಮ, ಕಾರಿನೊಳಗೆ ಬಿಡಿ ವಸ್ತು ಯಾವುದೂ ಇರಬಾರದು. ಕಾಲಡಿಯ ಮ್ಯಾಟ್, ಛತ್ರಿ, ಪೆನ್ನು, ನೀರಿನ ಬಾಟಲಿ, ಎಲ್ಲ ಹೊರಗೆ. ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಅಷ್ಟೇ ಕಥೆ. ಡ್ಯಾಶ್‌ಬೋರ್ಡ್ ಮೇಲೆ ಅಮ್ಮ ಕೊಟ್ಟಿದ್ದ ಪುಟ್ಟ ಗಣಪತಿ ಇದ್ದಾನೆ. ಗಮ್ ಹಾಕಿ ಅಂಟಿಸಿದ್ದು, ಬಿಸಿಲಿಗೆ ಗಮ್ ಒಣಗಿದೆ. ಅವನನ್ನೂ ತೆಗೆಯಬೇಕಾಯಿತು. ಟವೆಲಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟೆ. ಆ ಜಾಗದಲ್ಲಿ ಧೂಳಿಲ್ಲದ ಒಂದು ಸಣ್ಣ ಚೌಕ ಉಳಿಯಿತು. ಅದನ್ನು ಮಾತ್ರ ಒರೆಸಲಿಲ್ಲ.

ಇಷ್ಟೆಲ್ಲ ಯಾಕೆ ಅಂತ ಕೆಲವು ಗೆಳೆಯರು ಕೇಳುತ್ತಾರೆ. ಆ ಟ್ರ್ಯಾಕ್ ಯಾಕೆ ಹುಟ್ಟಿತು ಅಂತ ಗೊತ್ತಿದ್ದರೆ ಕೇಳೋದಿಲ್ಲ. ಮೊದಲು ಅಲ್ಲೇ ಹತ್ತಿರದ ಪೆಬಲ್ ಬೀಚ್‌ನಲ್ಲಿ, ಸಮುದ್ರದ ಪಕ್ಕದ ಕಾಡಿನ ರಸ್ತೆಗಳಲ್ಲಿ ಕ್ಲಬ್ಬಿನವರ ರೇಸ್ ನಡೆಯುತ್ತಿತ್ತು, 1950ರಿಂದ. ರಸ್ತೆಯ ಅಂಚಿನಲ್ಲೇ ಮರಗಳು. 1956ರಲ್ಲಿ ಅರ್ನಿ ಮೆಕಾಫಿ ಅನ್ನುವವರ ಫೆರಾರಿ ಮರಕ್ಕೆ ಗುದ್ದಿ ಅವರು ತೀರಿಕೊಂಡರು. ಅಲ್ಲಿಗೆ ಆ ರೇಸ್ ನಿಂತಿತು. ಮುಂದಿನ ವರ್ಷವೇ, 1957ರಲ್ಲಿ, ಫೋರ್ಟ್ ಆರ್ಡ್ ಅನ್ನುವ ಸೈನ್ಯದ ಜಾಗದ ಬೆಟ್ಟಗಳ ನಡುವೆ ಈ ಟ್ರ್ಯಾಕ್ ಮಾಡಿದರು. ಲಗುನಾ ಸೆಕಾ ಅಂದರೆ ಸ್ಪ್ಯಾನಿಷ್‌ನಲ್ಲಿ ಒಣಗಿದ ಕೆರೆ. ಕಾರು ದಾರಿ ತಪ್ಪಿದರೆ ಮರದ ಬದಲು ಜಲ್ಲಿ ಸಿಗಲಿ ಅಂತ ಯಾರೋ ಯೋಚಿಸಿ ಹಾಕಿದ್ದರಿಂದಲೇ ನಾನಿವತ್ತು ಇದನ್ನು ಬರೆಯುತ್ತಿದ್ದೇನೆ.

ಆ ಟ್ರ್ಯಾಕಿನ ಎಂಟನೇ ತಿರುವು ಪ್ರಪಂಚಕ್ಕೆಲ್ಲ ಗೊತ್ತು, ಕಾರ್ಕ್‌ಸ್ಕ್ರೂ. ಬೆಟ್ಟದ ನೆತ್ತಿಯವರೆಗೆ ಹತ್ತಿಸಿ, ಎಡಕ್ಕೆ ತಿರುಗಿಸಿ, ತಕ್ಷಣ ಬಲಕ್ಕೆ ತಿರುಗಿಸಿ ಕೆಳಗೆ ಬೀಳಿಸಿಬಿಡುತ್ತದೆ. ಸುಮಾರು 137 ಮೀಟರ್ ದಾರಿಯಲ್ಲಿ 18 ಮೀಟರ್ ಇಳಿತ, ಅಂದರೆ ಐದು ಅಂತಸ್ತಿನ ಮನೆಯಷ್ಟು. ನೆತ್ತಿಯಲ್ಲಿ ಮುಂದಿನ ರಸ್ತೆ ಕಾಣೋದೇ ಇಲ್ಲ, ಆಕಾಶ ಮತ್ತು ದೂರದ ಮರ ಮಾತ್ರ. ಮರ ನೋಡಿಕೊಂಡು ತಿರುಗಿಸು ಅನ್ನುತ್ತಾರೆ. ಬ್ರೇಕ್ ಹಾಕೋದು, ಗೇರ್ ಇಳಿಸೋದು ಎಲ್ಲ ನೆತ್ತಿ ಮುಟ್ಟೋ ಮೊದಲೇ ಮುಗಿದಿರಬೇಕು, ಇಳಿಯುವಾಗ ಕಾಲು ಕೈ ಸಮಾಧಾನದಿಂದಿರಬೇಕು. ಶಿಕ್ಷಕರು ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ನನಗೆ ಕೇಳಿಸಿದ್ದು ಗುಂಡ್ಯದ ಟೀ ಅಂಗಡಿಯ ಮಾತೇ.

ಘಾಟಿಯದ್ದು ಇನ್ನೂ ಒಂದಿದೆ. ಟ್ರ್ಯಾಕ್ ಡೇನಲ್ಲಿ ಬೇಕಾದ ಹಾಗೆ ಓವರ್‌ಟೇಕ್ ಮಾಡುವಂತಿಲ್ಲ. ಮುಂದಿನವರು ಕಿಟಕಿಯಿಂದ ಕೈ ಹೊರಗೆ ಚಾಚಿ ಈ ಕಡೆಯಿಂದ ಹೋಗು ಅಂತ ತೋರಿಸಿದರೆ ಮಾತ್ರ ಹೋಗಬೇಕು, ತೋರಿಸಿದ ಕಡೆಯಿಂದಲೇ. ಹೊಸಬರಿಗೆ ಇದನ್ನು ಕಲಿಸೋಕೆ ಬೆಳಗಿನ ಸಭೆಯಲ್ಲಿ ಕಾಲು ಗಂಟೆ ತೆಗೆದುಕೊಳ್ಳುತ್ತಾರೆ. ಅಪ್ಪನಿಗೆ ಹೇಳಿದರೆ "ಇದ್ರಲ್ಲೇನೈತೆ, ಲಾರಿಯೋರು ಮಾಡದಲ್ವಾ" ಅಂದರು. ಹೌದಲ್ವಾ! ಶಿರಾಡಿಯಲ್ಲಿ ತಿರುವಿನ ಆಚೆ ಏನಿದೆ ಅಂತ ಬಸ್ಸಿಗೆ ಕಾಣದಿದ್ದಾಗ, ಮುಂದಿನ ಲಾರಿಯ ಡ್ರೈವರ್ ಬಲಗೈ ಹೊರಗೆ ಹಾಕಿ ಬೀಸುತ್ತಿದ್ದ. ಮುಖ ಕಾಣದ ಒಬ್ಬನ ಕೈಯನ್ನು ನಂಬಿ ಐವತ್ತು ಜನರ ಬಸ್ಸು ಮುಂದೆ ಹೋಗುತ್ತಿತ್ತು. ದಾಟಿದ ಮೇಲೆ ಅಪ್ಪ ಹಾರ್ನ್ ಒಂದೇ ಒಂದು ಸಲ, ಮೆತ್ತಗೆ ಒತ್ತುತ್ತಿದ್ದರು.

ಮೊನ್ನೆ ಶುಕ್ರವಾರ ರಾತ್ರಿ ಕೊನೆಯ ಕೆಲಸಗಳು. ವೀಲ್ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ 110 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆ, ಎದುರುಬದುರಾಗಿ, ಎರಡೆರಡು ಸಲ. ಟೈರಿನ ಗಾಳಿ ದಿನಾ ಇರೋದಕ್ಕಿಂತ ಸ್ವಲ್ಪ ಕಡಿಮೆ ಇಟ್ಟೆ, ಓಡಿದ ಮೇಲೆ ಬಿಸಿಗೆ ತಾನೇ ಏರುತ್ತದೆ. ನನ್ನ ವಿಮೆ ಟ್ರ್ಯಾಕಿಗೆ ಅನ್ವಯಿಸೋದಿಲ್ಲ, ಆ ಒಂದು ದಿನಕ್ಕೆ ಬೇರೆ ವಿಮೆ ತೆಗೆದುಕೊಂಡೆ. ಕೊನೆಗೆ ಬಾಗಿಲ ಮೇಲೆ ನೀಲಿ ಟೇಪಿನಿಂದ ನಂಬರ್ ಅಂಟಿಸಬೇಕು. ಫಾರಂ ತುಂಬುವಾಗ ಯಾವ ನಂಬರ್ ಬೇಕು ಅಂತ ಕೇಳಿದ್ದರು. 13 ಅಂತ ಬರೆದಿದ್ದೆ. ಇಲ್ಲಿನವರು ಅದನ್ನು ಅಪಶಕುನ ಅನ್ನುತ್ತಾರೆ, ಹಾಗಾಗಿ ಸುಲಭವಾಗಿ ಸಿಕ್ಕಿತು. ಹಾಸನದ ಗಾಡಿಗಳ ನಂಬರ್ ಶುರುವಾಗೋದು ಕೆಎ 13 ಅಂತಲೇ ಅಲ್ವಾ.

ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆ. ಮಾಂಟೆರೆ ಹತ್ತಿರ ಬರುವಾಗ ದಟ್ಟ ಮಂಜು. ಗೇಟಿನಲ್ಲಿ ಕಾರುಗಳ ಸಾಲು. ತಪಾಸಣೆ ಮಾಡುವ ಹಿರಿಯರು ಮುಂದಿನ ಎಡಗಡೆ ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಗಾಜಿನ ಮೇಲೆ ಹಸಿರು ಸ್ಟಿಕ್ಕರ್ ಅಂಟಿಸಿ ಮುಂದಿನ ಕಾರಿಗೆ ಹೋದರು.

ಮಂಜು ಕರಗೋವರೆಗೆ ಟ್ರ್ಯಾಕ್ ತೆರೆಯಲಿಲ್ಲ. ಬಾವುಟ ಹಿಡಿಯುವವರಿಗೆ ಪಕ್ಕದ ಬಾವುಟ ಕಾಣಬೇಕು, ಅಲ್ಲಿವರೆಗೆ ಯಾರನ್ನೂ ಬಿಡೋದಿಲ್ಲ. ಒಂದು ಗಂಟೆ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಕಾದೆ. ಅಪ್ಪನಿಗೆ ಫೋನ್ ಮಾಡಿದೆ, ಅಲ್ಲಿ ರಾತ್ರಿ ಒಂಬತ್ತು ಗಂಟೆ. ಊಟ ಆಯ್ತಾ ಅಂತ ಕೇಳಿದೆ. "ಆಯ್ತು. ಪೆಡಲ್ ಹೆಂಗೈತೆ?" ಅಂದರು.

ನಮ್ಮ ಗುಂಪನ್ನು ಕರೆದರು. ಸಾಲಿನಲ್ಲಿ ನಾಲ್ಕನೆಯವಳು ನಾನು. ಶಿಕ್ಷಕರು ಬಂದು ಪಕ್ಕ ಕೂತು ಬೆಲ್ಟ್ ಬಿಗಿ ಮಾಡಿಕೊಂಡರು. ಹೊರಡುವ ಮೊದಲು ಬ್ರೇಕನ್ನು ಮೂರು ಸಲ ಒತ್ತಿದೆ. ಮೂರು ಸಲವೂ ಪೆಡಲ್ ಅದೇ ಎತ್ತರದಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತು.